ಬೆಳ್ಳಕ್ಕಿ ದಡಿ

ಸುಪಾರ್ಶ್ವ ಉಪಾಧ್ಯೆ ಬರೆದ ಬೆಳ್ಳಕ್ಕಿಗಳು ತೇರದಾಳದ ಅವನ ಮನೆಯ ಕಂಪ್ಯೂಟರಿನಲ್ಲಿ ಕೊಕ್ಕು, ಕಾಲು, ಕತ್ತಿನ ಕೊಂಕು ಎಲ್ಲ ಸಹಿತ ಲಕ್ಷಣವಾಗಿದ್ದವು. ಬನಹಟ್ಟಿಯ ನೇಕಾರರ ಸಂಘದ ಕಚೇರಿಗೆ ಬಂದು ಅಲ್ಲಿಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವಷ್ಟರಲ್ಲಿ ಅವು ಬೆಳ್ಳಕ್ಕಿಗಳಾಗಿ ಉಳಿದಿರಲಿಲ್ಲ. ಪ್ರೊಜೆಕ್ಟರು ಗೋಡೆಯ ಮೇಲೆ ಚೆಲ್ಲಿದ ಬೆಳಕಿನಲ್ಲಿ ಬಿಳಿ ಬಿಳಿ ಚೌಕಗಳು ಒಂದರ ಹೆಗಲ ಮೇಲೊಂದು ಏರಿ ನಿಂತಿದ್ದವು.

ಸುಪಾರ್ಶ್ವ ಕಣ್ಣು ಒರೆಸಿಕೊಂಡು ನೋಡಿದ. ಕನ್ನಡಕ ಒರೆಸಿಕೊಂಡು ನೋಡಿದ. ಪೆನ್‌ಡ್ರೈವ್ ಕಿತ್ತು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿ ನೋಡಿದ. ಚೌಕಗಳು ಕದಲಲಿಲ್ಲ.

ಇವನು ಸಂಘದ ಗುಮಾಸ್ತ. ಅಪ್ಪ, ಅಜ್ಜ ಬಸದಿಯಲ್ಲಿ ಪೂಜೆ ಮಾಡಿಕೊಂಡು ಬಂದವರು. ಇವನಿಗೆ ಕಂಪ್ಯೂಟರಿನ ಪೂಜೆ ಗಂಟುಬಿದ್ದಿತ್ತು. ಸೀರೆಯ ಅಂಚಿಗೆ ಈ ಕಡೆ ದಡಿ ಎನ್ನುತ್ತಾರೆ. ಯಾರ್ಯಾರೋ ಬರೆದ ದಡಿಗಳ ಹೆಸರನ್ನು ದಿನಾ ಪತ್ರಗಳಲ್ಲಿ ಟೈಪು ಮಾಡಿ ಮಾಡಿ ಅವನಿಗೊಂದು ಆಸೆ ಹುಟ್ಟಿತ್ತು. ತಾನು ಬರೆದ ದಡಿಯೂ ಒಂದು, ಒಂದೇ ಒಂದು, ಈ ಊರಿನ ಮಗ್ಗ ಏರಬೇಕು. ಇಂಥ ಆಸೆ ಮನುಷ್ಯನಿಗೆ ಬರಬಾರದೆಂದಲ್ಲ. ಆದರೆ ಬಂದರೆ ಅದು ಸುಮ್ಮನೆ ಮಲಗುವುದಿಲ್ಲ. ರಜೆ ಸಿಕ್ಕಾಗಲೆಲ್ಲ ಸುಪಾರ್ಶ್ವ ಚಿಕ್ಕಪಡಸಲಗಿಗೆ ಹೋಗಿ, ಬ್ಯಾರೇಜಿನ ಮೇಲೆ ಸಾಲಾಗಿ ಕೂರುವ ಬೆಳ್ಳಕ್ಕಿಗಳನ್ನು ನೋಡಿಕೊಂಡು ಬಂದು, ಅವುಗಳದೇ ಒಂದು ದಡಿ ಬರೆದಿದ್ದ. ಒಡಲು ಕೃಷ್ಣೆಯ ನೀರಿನ ಬಣ್ಣ, ದಡಿಯಲ್ಲಿ ಬಿಳಿ ಹಕ್ಕಿಯ ಸಾಲು. ಸಂಘದ ಹಳೆಯ ದಡಿಗಳ ಸ್ಲೈಡುಗಳ ಮುಂದೆ ಅದನ್ನೂ ಒಂದು ಸ್ಲೈಡು ಮಾಡಿ ಸೇರಿಸಿ ತಂದಿದ್ದ.

ಅಧ್ಯಕ್ಷ ಜ್ಞಾನೇಶ್ವರ ಒಳಗೆ ಬಂದರು. ಮರಾಠಿಯಲ್ಲಿ ಸಿಟ್ಟು ಮಾಡಿ ಕನ್ನಡದಲ್ಲಿ ಸಮಾಧಾನ ಹೇಳುವ ಮನುಷ್ಯ ಅವರು. ಗೋಡೆಯನ್ನು ಬಹಳ ಹೊತ್ತು ನೋಡಿದರು.

“ಉಪಾಧ್ಯೆ ಅವರ, ಏನಿದು?”

“ಬೆಳ್ಳಕ್ಕಿರಿ.”

“ನನಗ ಇಟ್ಟಂಗಿ ಭಟ್ಟಿ ಕಂಡಂಗ ಕಾಣತೈತಿ.”

“ಮನ್ಯಾಗ ಸಾಫ್ ಇದ್ದುವ್ರಿ. ಅಲ್ಲಿ ನಂದು ಪುಕ್ಕಟೆ ಸಿಗೂ ಪ್ರೋಗ್ರಾಮ್ ಐತ್ರಿ, ಇಲ್ಲಿ ಬ್ಯಾರೆ ಐತಿ. ಅದರಾಗಿಂದ ಇದಕ್ಕ ತರೂದ್ರಾಗ ಹಿಂಗಾಗ್ಯಾವ.”

“ಹಾದ್ಯಾಗ ಏನಾತು ಅನ್ನೂದು ನನಗ ಬ್ಯಾಡ್ರಿ. ನಂದಾತಾಯಿ ಸಂಜಿಕ ಬರ್ತಾರ. ಪುಣೆದಾಗ ಅವರದು ದೊಡ್ಡ ಸೀರಿ ಅಂಗಡಿ. ನಿಮ್ಮ ದಡಿ ಅವರು ಒಪ್ಪಿದ್ರ ಮಗ್ಗಕ್ಕ ಏರಸೂಣು. ಒಪ್ಪಲಿಲ್ಲಂದ್ರ ಮುಂದ ಈ ಮಾತು ತಗೀಬ್ಯಾಡ್ರಿ. ಇದು ಒಂದ ಸಲ.”

ಒಂದೇ ಸಲ. ಸುಪಾರ್ಶ್ವ ಪೆನ್‌ಡ್ರೈವ್ ಕಿತ್ತು ಇನ್ನೊಮ್ಮೆ ಊದಿದ.

ಸುದ್ದಿ ತಿಳಿದು ಕ್ಯಾಶಿಯರ್ ಕೃಷ್ಣಾಬಾಯಿ ತಮ್ಮ ಕುರ್ಚಿ ಬಿಟ್ಟು ಎದ್ದು ಬಂದರು. ಯಾರಿಗೆ ಏನೇ ತೊಂದರೆಯಾದರೂ ಅದು ತಮಗೆ ಹಿಂದೊಮ್ಮೆ ಆಗಿಹೋದದ್ದೇ ಎಂದು ಹೇಳಿ ಧೈರ್ಯ ತುಂಬುವ ಹೆಂಗಸು.

“ನನ್ನ ಕಣ್ಣಾಗ ಪೊರಿ ಬಂದಾಗ ಜಗತ್ತೆಲ್ಲಾ ಹಿಂಗ ಕಾಣತಿತ್ತು, ತಮ್ಮಾ,” ಎಂದು ಗೋಡೆಯನ್ನು ದಿಟ್ಟಿಸಿ ಹೇಳಿದರು. “ಈ ಮಷೀನಿಗೂ ಪೊರಿ ಬಂದೈತಿ.”

“ಹಂಗಲ್ರಿ ಅಕ್ಕಾರ—”

ಅಷ್ಟರಲ್ಲಿ ಅವರು ಪ್ರೊಜೆಕ್ಟರಿನ ಗಾಜನ್ನು ಸೆರಗಿನಿಂದ ಒರೆಸಿಯಾಗಿತ್ತು. ಚೌಕಗಳ ಅಂಚು ಇನ್ನಷ್ಟು ಖಡಕ್ಕಾಗಿ ಕಂಡವು. ದೊಡ್ಡದು ಮಾಡಿ ನೋಡು ಎಂದರು. ಮಾಡಿದ. ದೊಡ್ಡ ಚೌಕಗಳಾದವು. ಸಣ್ಣದು ಮಾಡು ಎಂದರು. ಸಣ್ಣ ಚೌಕಗಳಾದವು. ಹಿಂದೆ ಸರಿದು ಬಾಗಿಲ ಹತ್ತಿರ ನಿಂತು ನೋಡಿದರೆ ಹಕ್ಕಿಯ ಹಾಗೆ ಕಾಣುತ್ತದೆಯೇ ಎಂದು ಅವರೇ ಹೋಗಿ ನಿಂತು ನೋಡಿದರು. ಅಲ್ಲಿಂದಲೂ ಕಾಣಲಿಲ್ಲ. ಮಂದಿ ಹೆಚ್ಚಾದರೆ ಹಾವು ಸಾಯುವುದಿಲ್ಲ ಎನ್ನುವುದು ಸುಳ್ಳಲ್ಲ.

ಅಧ್ಯಕ್ಷರಿಗೆ ಹೊಳೆದದ್ದು ಇನ್ನೊಂದು ಉಪಾಯ. “ಮನ್ಯಾಗ ಸಾಫ್ ಅದಾವ ಅಂತೀರಲ್ಲ, ನಿಮ್ಮ ಮನಿಯವರಿಗೆ ಹೇಳಿ ಕಂಪ್ಯೂಟರಿಂದ ಒಂದು ಫೋಟೋ ಹೊಡಿಸಿ ಮೊಬೈಲಿಗೆ ತರಸ್ರಿ. ಮುಗೀತಲ್ಲ!”

ಸುಪಾರ್ಶ್ವನ ಹೆಂಡತಿ ರಾಜಮತಿ ತಡಮಾಡಲಿಲ್ಲ. ರೊಟ್ಟಿ ತಟ್ಟುವುದನ್ನು ಬಿಟ್ಟು ಫೋಟೋ ಹೊಡೆದು ಕಳಿಸಿದಳು. ಅದರಲ್ಲಿ ಕಂಪ್ಯೂಟರಿನ ಪರದೆ ಇತ್ತು, ಪರದೆಯ ಮೇಲೆ ನೀರಿನ ಅಲೆಯಂಥ ಗೆರೆಗಳಿದ್ದವು, ಟ್ಯೂಬ್‌ಲೈಟಿನ ಹೊಳಪಿತ್ತು, ಎಲ್ಲದರ ನಡುವೆ ಮೊಬೈಲು ಹಿಡಿದ ರಾಜಮತಿಯದೇ ಕೈಯ ಪ್ರತಿಬಿಂಬ ಮಬ್ಬಾಗಿ ಬಿದ್ದಿತ್ತು.

ಅಧ್ಯಕ್ಷರು ಗಂಭೀರವಾಗಿ ಕೇಳಿದರು: “ಈ ಹಕ್ಕಿ ಕೈಯಾಗ ಮೊಬೈಲ್ ಹಿಡದೈತಲ್ರಿ?”

ಸುಪಾರ್ಶ್ವ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡ. ಜಮಖಂಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ರಘುವೀರ ಅವರೊಬ್ಬರೇ ಈಗ ದಿಕ್ಕು.

“ನೀ ಹೋಗಿ ಬಾ, ತಮ್ಮಾ,” ಎಂದರು ಕೃಷ್ಣಾಬಾಯಿ. “ಇದು ಕಂಪ್ಯೂಟರಿನ್ಯಾಗ ಇನ್ನಾ ತೆರದ ಐತಲ್ಲ, ನಾ ಒಂದು ಪ್ರಿಂಟ್ ತಗದು ಇಟ್ಟಿರತೇನಿ. ಎಲ್ಲಾ ಕೈಕೊಟ್ರ ಕಾಗದರ ಇರಲಿ.”

ಜಮಖಂಡಿಯ ಬಸ್ಸು ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಯಿತು. ಎರಡೆರಡು ಟ್ರೇಲರು ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ರಸ್ತೆಯೆಲ್ಲ ತಮ್ಮದೇ ಎಂಬಂತೆ ಅವು ಸಾಗುತ್ತಿದ್ದವು. ಅವುಗಳ ಮುಂದೆ ಹಾರ್ನು ಹೊಡೆದು ಪ್ರಯೋಜನವಿಲ್ಲವೆಂದು ಡ್ರೈವರನಿಗೆ ಗೊತ್ತು, ಆದರೂ ಹೊಡೆದ.

ರಘುವೀರ ಅವರು ಪೆನ್‌ಡ್ರೈವ್ ತೆಗೆದುಕೊಂಡು ಸ್ಲೈಡನ್ನು ತೆರೆದರು. ವೈದ್ಯರು ನಾಡಿ ಹಿಡಿದಂತೆ ಮೌಸ್ ಹಿಡಿದು ಸುಮ್ಮನೆ ಕೂತರು. ಆಮೇಲೆ ನಿಟ್ಟುಸಿರು ಬಿಟ್ಟರು.

“ಉಪಾಧ್ಯೆ ಅವರ, ನಿಮ್ಮ ಮನಿ ಪ್ರೋಗ್ರಾಮಿನ್ಯಾಗಿಂದ ಕಚೇರಿ ಪ್ರೋಗ್ರಾಮಿಗೆ ಹೊಂದೂವಂಗ ಫೈಲ್ ಮಾಡಿದ್ರಲ್ಲ, ಆವಾಗ ಫೈಲ್ ಹಗರ ಆಗಲಿ ಅಂತ ಅದು ಚಿತ್ರಾನ ಹಿಂಡೇತಿ. ಸ್ಲೈಡಿನ ಅಳತಿ ಅಲ್ಲಿ ಒಂದು, ಇಲ್ಲಿ ಒಂದು. ಹಿಂಡಿದ್ದನ್ನ ಮತ್ತ ಇದು ಜಗ್ಗೇತಿ.”

“ಸರಿ ಮಾಡಿ ಕೊಡ್ರಿ ಸರ.”

“ಹೆಂಗ ಮಾಡೂದ್ರಿ? ಹಿಂಡಿದ ಕಬ್ಬಿನ ಸಿಪ್ಪಿ ತಂದು ನನ್ನ ಕೈಯಾಗ ಕೊಟ್ಟೀರಿ. ಮತ್ತ ಎಷ್ಟ ಹಿಂಡಿದ್ರೂ ಹಾಲು ಬರೂದಿಲ್ಲ. ಮೂಲ ಚಿತ್ರ ಎಲ್ಲೈತಿ?”

“ಮನ್ಯಾಗ.”

“ಮನಿ ಎಲ್ಲಿ?”

“ತೇರದಾಳದಾಗ.”

“ಮತ್ತ ಇಲ್ಲಿಗೆ ಯಾಕ ಬಂದ್ರಿ?”

ಬನಹಟ್ಟಿಯಿಂದ ತೇರದಾಳ ಒಂದು ಕಡೆ, ಜಮಖಂಡಿ ಇನ್ನೊಂದು ಕಡೆ. ಅವನು ಮನೆಗೆ ಬೆನ್ನು ಹಾಕಿ ಇಷ್ಟು ದೂರ ಬಂದಿದ್ದ. ರಘುವೀರ ಅವರಿಗೆ ಅವನ ಮುಖ ನೋಡಿ ಮರುಕ ಬಂತು. ನಿಧಾನವಾಗಿ ವಿಧಿ ಹೇಳಿಕೊಟ್ಟರು. ಮೊದಲು ಎರಡೂ ಕಡೆ ಸ್ಲೈಡಿನ ಅಳತೆ ಒಂದೇ ಮಾಡಿಕೊಳ್ಳಬೇಕು. ಚಿತ್ರ ಹಿಂಡುವ ಸೆಟ್ಟಿಂಗನ್ನು ಮನೆಯಲ್ಲೂ ಬಂದ್ ಮಾಡಬೇಕು, ಕಚೇರಿಯಲ್ಲೂ ಬಂದ್ ಮಾಡಬೇಕು. ಅಲ್ಲಿಂದ ಎತ್ತಿ ಇಲ್ಲಿ ಅಂಟಿಸಬಾರದು; ಮೂಲ ಚಿತ್ರವನ್ನೇ ಹೊಸದಾಗಿ ಸೇರಿಸಬೇಕು. ಮೊಬೈಲಿನಲ್ಲಿ ಫೋಟೋ ಮಾಡಿ ಕಳಿಸುವ ಮಾತೇ ಬೇಡ.

ಸುಪಾರ್ಶ್ವ ಪೂಜಾರಿಗಳ ಮನೆಯ ಮಗ. ಒಮ್ಮೆ ಕೇಳಿದ್ದು ಬಾಯಿಗೆ ಬಂತು. ಅಳತೆ ಒಂದು ಮಾಡು, ಹಿಂಡುವುದು ಬಂದ್ ಮಾಡು, ಅಂಟಿಸಬೇಡ, ಮೂಲ ಸೇರಿಸು ಎಂದು ಬಸ್ಸಿನ ತುಂಬ ತುಟಿ ಅಲ್ಲಾಡಿಸುತ್ತ ಬಂದ. ಪಕ್ಕದಲ್ಲಿ ಕೂತಿದ್ದ ಚಿಮ್ಮಡದ ಹಿರಿಯರೊಬ್ಬರು ಯಾವುದೋ ಸ್ತೋತ್ರವೆಂದು ತಿಳಿದು ತಲೆಯ ರುಮಾಲು ಸರಿಮಾಡಿಕೊಂಡು ಕೈಮುಗಿದು ಕೂತರು. ಬಸ್ಸು ಬನಹಟ್ಟಿಗೆ ಬಂತು, ನಿಂತಿತು, ಹೊರಟಿತು. ತನ್ನ ಕಚೇರಿಯಿದ್ದ ಓಣಿಯ ಬಾಯನ್ನು ಸುಪಾರ್ಶ್ವ ಕಿಟಕಿಯಿಂದ ನೋಡಿದ, ಇಳಿಯಲಿಲ್ಲ.

ಮನೆಯಲ್ಲಿ ಅವನು ಕಾಲಿಗೆ ನೀರು ಸಹ ಹಾಕಿಕೊಳ್ಳದೆ ಕಂಪ್ಯೂಟರಿನ ಮುಂದೆ ಕೂತ. ವಿಧಿಯಲ್ಲಿ ಒಂದಕ್ಷರ ತಪ್ಪಲಿಲ್ಲ. ಸಂಘದ ಹಳೆಯ ದಡಿಗಳನ್ನೂ ಒಂದೊಂದಾಗಿ ಹೊಸದಾಗಿ ಸೇರಿಸಿ, ಅದೇ ಹೆಸರಿನಲ್ಲಿ, ಹಳೆಯ ಫೈಲಿನ ಮೇಲೆಯೇ ಉಳಿಸಿದ. ದೊಡ್ಡದು ಮಾಡಿ ನೋಡಿದ. ಬೆಳ್ಳಕ್ಕಿಯ ಗರಿಯ ತುದಿಯೂ ಕದಡಲಿಲ್ಲ.

ರಾಜಮತಿ ಹಿಂದೆ ಬಂದು ನಿಂತಳು. “ಎಷ್ಟ ಛಂದ ಕಾಣಸ್ತಾವರಿ! ಖರೇನ ಈಗ ಹಾರತಾವೇನೋ ಅನಸತೈತಿ.”

“ಮಗ್ಗಕ್ಕ ಏರಿದ್ರ ಮೊದಲನೇ ಸೀರಿ ನಿನಗ.”

“ಅದಿರಲಿ, ಒಂದೀಟು ಉಂಡು ಹೋಗ್ರಿ. ಹೊತ್ತು ಮುಳುಗಿದ ಮ್ಯಾಲ ನೀವು ಉಣ್ಣವರಲ್ಲ. ಮುಂಜಾನಿಂದ ಏನೂ ತಿಂದಿಲ್ಲ.”

“ಬಸ್ ಹೋಗತೈತಿ,” ಎಂದು ಅವನು ಎದ್ದೇಬಿಟ್ಟ. ಅಂಥ ಹೊತ್ತಿನಲ್ಲಿ ಹಸಿವು ಯಾರ ನೆನಪಿಗೆ ಬರುತ್ತದೆ?

ಇಳಿಬಿಸಿಲಿಗೆ ಅವನು ಕಚೇರಿ ಮುಟ್ಟಿದಾಗ ಬಾಗಿಲಲ್ಲೇ ಮಗ್ಗದ ಮೇಸ್ತ್ರಿ ಈರಪ್ಪ ನಿಂತಿದ್ದ. ಹೆಗಲ ಮೇಲೆ ಹೊಸದಾಗಿ ನೇಯ್ದ ಒಂದು ಪಟ್ಟಿ ಬಟ್ಟೆ. ಮುಖದಲ್ಲಿ, ಕೆಲಸ ಮುಗಿಸಿದವನ ಶಾಂತಿ.

“ಸರ, ನಿಮ್ಮ ಗ್ರಾಫ್ ಏರಿಸಿದೆ ನೋಡ್ರಿ. ಸಣ್ಣ ದಡಿ, ಕಾರ್ಡು ಬಹಳ ಹತ್ತಲಿಲ್ಲ. ಒಂದು ಮೊಳ ಬಂದೈತಿ.”

“ಯಾವ ಗ್ರಾಫ್, ಈರಪ್ಪಣ್ಣ?”

“ಟೇಬಲ್ ಮ್ಯಾಲ ಇತ್ತಲ್ರಿ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಡಿ ಮಗ್ಗಕ್ಕೆ ಏರುವ ಮೊದಲು ಚೌಕಳಿ ಕಾಗದದ ಮೇಲೆ ಬರುತ್ತದೆ. ಅದೇ ಗ್ರಾಫ್. ಒಂದು ಚೌಕವೆಂದರೆ ಒಂದು ಎಳೆ ಎದ್ದಂತೆ. ಚೌಕ ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆದರೆ ಮಗ್ಗ ಅದನ್ನು ಓದಿಕೊಂಡು ನೇಯುತ್ತದೆ. ಈ ಸಂಘದಲ್ಲಿ ಕಚೇರಿಯ ಟೇಬಲ್ಲಿನ ಮೇಲೆ ಚೌಕಳಿ ಕಾಗದ ಬಂದು ಕೂತಿತೆಂದರೆ ಅದು ಮಗ್ಗಕ್ಕೆ ಹೋಗಲಿಕ್ಕೆ ಬಂದದ್ದು. ಮೇಸ್ತ್ರಿ ಯಾರನ್ನೂ ಕೇಳುವುದಿಲ್ಲ, ಒಯ್ಯುತ್ತಾನೆ. ಈರಪ್ಪ ಹುಟ್ಟಿದಾಗಿನಿಂದ ಚೌಕವಿದ್ದ ಕಾಗದ ಬೇರೆ ಏನಾದರೂ ಆಗಿದ್ದನ್ನು ಕಂಡಿರಲಿಲ್ಲ. ಕೃಷ್ಣಾಬಾಯಿ ತೆಗೆದಿಟ್ಟ ಪ್ರಿಂಟನ್ನು ಅವನು ಒಯ್ದಿದ್ದ.

“ನಡುವ ಕೆಲವು ಚೌಕ ಬೂದಿ ಬಣ್ಣ ಇದ್ದುವ್ರಿ,” ಎಂದ ಈರಪ್ಪ. “ಅವಸರದಾಗ ಬರದೀರಿ ಅಂತ ತಿಳದು ನಾನ ಸರಿ ಮಾಡಿದೆ.”

ಸುಪಾರ್ಶ್ವ ಬಟ್ಟೆ ಬಿಡಿಸಿದ. ನೀರಿನ ಬಣ್ಣದ ಒಡಲಿನ ಪಕ್ಕದಲ್ಲಿ ಬಿಳಿಯ ಚೌಕಗಳು ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಹೋಗಿದ್ದವು. ಕೊಕ್ಕಿಲ್ಲ, ಕಾಲಿಲ್ಲ. ಅವನಿಗೆ ಅಳು ಬರುವುದೊಂದು ಬಾಕಿ.

ಅಧ್ಯಕ್ಷರು ಮೊದಲು ಮರಾಠಿಯಲ್ಲಿ ಒಂದಿಷ್ಟು ಮಾತಾಡಿದರು. ಆಮೇಲೆ ಕನ್ನಡಕ್ಕೆ ಇಳಿದರು. “ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತು. ಇರಲಿ ಬಿಡ್ರಿ. ಅವರು ಬರೂದ್ರಾಗ ಇದನ್ನ ಕಣ್ಣಿಗೆ ಬೀಳದಂಗ ಮುಚ್ಚಿಡ್ರಿ.”

“ನಾ ಇಡತೇನಿ,” ಎಂದು ಕೃಷ್ಣಾಬಾಯಿ ಬಟ್ಟೆ ಮಡಚಿಕೊಂಡು ಒಳಗೆ ಹೋದರು. ಈರಪ್ಪ ತಾನು ಮಾಡಿದ ತಪ್ಪೇನೆಂದು ತಿಳಿಯದೆ ಬಾಗಿಲಿಗೆ ಆತುಕೊಂಡು ನಿಂತ.

ನಂದಾತಾಯಿ ಬಂದರು. ತವರು ಈ ಕಡೆಯದೇ. ಪುಣೆ ಸೇರಿ ಬಹಳ ಕಾಲವಾಗಿದ್ದರೂ ಮಾತು ಕೆಟ್ಟಿರಲಿಲ್ಲ. ಸುಪಾರ್ಶ್ವ ಕಚೇರಿಯ ಕಂಪ್ಯೂಟರಿನಲ್ಲಿ ಹಿಂಡುವ ಸೆಟ್ಟಿಂಗನ್ನು ಬಂದ್ ಮಾಡಿ, ಅಳತೆ ನೋಡಿ, ಮನಸ್ಸಿನಲ್ಲಿ ಣಮೋಕಾರ ಮಂತ್ರ ಹೇಳಿ ಸ್ಲೈಡು ತೆರೆದ.

ಬೆಳ್ಳಕ್ಕಿಗಳು ಗೋಡೆಯ ಮೇಲೆ ಬಂದು ಕೂತವು. ಒಂದೊಂದು ಗರಿ ಎಣಿಸುವಂತಿತ್ತು. ಕೃಷ್ಣಾಬಾಯಿ “ಅಯ್ಯ ನಮ್ಮವ್ವ!” ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅಧ್ಯಕ್ಷರು ಮೀಸೆ ಮುಟ್ಟಿಕೊಂಡರು. ಅಷ್ಟು ಹೊತ್ತಿನ ಅಲೆದಾಟ, ಹಸಿವು, ಕಬ್ಬಿನ ಧೂಳು ಎಲ್ಲವೂ ಸಾರ್ಥಕವಾಯಿತೆಂದು ಸುಪಾರ್ಶ್ವನಿಗೆ ಅನ್ನಿಸಿತು.

ನಂದಾತಾಯಿ ಎದ್ದು ಗೋಡೆಯ ಹತ್ತಿರ ಹೋದರು. “ಎಷ್ಟು ಸಾಫ್ ಐತಿ!”

“ಹೌದ್ರಿ,” ಎಂದ ಸುಪಾರ್ಶ್ವ.

“ಬಹಳ ಸಾಫ್ ಆತ್ರಿ,” ಎಂದರು ಅವರು, ನೋಯಿಸಬಾರದೆಂಬ ದನಿಯಲ್ಲಿ. “ನೇಯ್ದದ್ದು ಅನಸೂದಿಲ್ಲ, ಛಾಪಿಸಿದ್ದು ಅನಸತೈತಿ. ಹಕ್ಕಿ, ನವಿಲು ಛಾಪಿಸಿದ ಸೀರಿ ನಮ್ಮ ಓಣಿಯಾಗ ಬೇಕಾದಷ್ಟು ಸಿಗ್ತಾವ. ಅದಕ್ಕ ನಾ ಇಲ್ಲಿತನಕ ಯಾಕ ಬರಬೇಕು, ಹೇಳ್ರಿ?”

ಹೊರಗೆ ಹೊತ್ತು ಮುಳುಗಿತು. ಸುಪಾರ್ಶ್ವ ಮುಂದಿನ ಸ್ಲೈಡು ತೋರಿಸಿದ, ಅದರ ಮುಂದಿನದು ತೋರಿಸಿದ. ಅವರು ಮರ್ಯಾದೆಗೆ ತಲೆಯಾಡಿಸಿದರು. ಒಂದೇ ಸಲ ಎಂದಿದ್ದರು ಅಧ್ಯಕ್ಷರು. ಆ ಒಂದು ಸಲ ಮುಗಿದುಹೋಗಿತ್ತು.

ಚಹಾ ಬಂತು. ಸುಪಾರ್ಶ್ವ ಹೊತ್ತು ಮುಳುಗಿತೆಂದು ಬೇಡವೆಂದ. ನಂದಾತಾಯಿ ಕಪ್ಪು ಎತ್ತಿಕೊಂಡವರು ಕುಡಿಯಲಿಲ್ಲ. ತಟ್ಟೆಯ ಕಡೆಗೇ ನೋಡುತ್ತ ಉಳಿದರು. ಕೃಷ್ಣಾಬಾಯಿಗೆ ಬಟ್ಟೆ ಮುಚ್ಚಿಡಲು ಚಹಾದ ತಟ್ಟೆಯಷ್ಟು ಭದ್ರವಾದ ಜಾಗ ಬೇರೆ ಸಿಕ್ಕಿರಲಿಲ್ಲ. ಮಡಚಿ ಕಪ್ಪುಗಳ ಕೆಳಗೆ ಹಾಸಿದ್ದರು.

“ಹೇ ಕಾಯ್? ಏನಿದು?” ಎಂದರು ನಂದಾತಾಯಿ. ಅವಸರದಲ್ಲಿ ಅವರಿಗೂ ಮರಾಠಿಯೇ ಬಂತು.

ಅವರು ಕಪ್ಪುಗಳನ್ನು ಒಂದೊಂದಾಗಿ ಕೆಳಗಿಟ್ಟು, ಬಟ್ಟೆ ಎಳೆದು, ದೀಪದ ಕೆಳಗೆ ಹಿಡಿದರು. ಬೆರಳಿನಿಂದ ಚೌಕಗಳ ಮೇಲೆ ಹತ್ತಿದರು, ಇಳಿದರು. “ಇದು ನೋಡ್ರಿ! ಕೈಮಗ್ಗದ್ದು ಅಂತ ದೂರದಿಂದನ ಹೇಳಬೌದು. ಹೊಳಿ ದಂಡಿ ಪಾವಟಿಗಿ ಇಳದಂಗ ಐತಿ. ಇಂಥಾದ್ದು ಇಟ್ಕೊಂಡು ನನಗ ಹಕ್ಕಿ ತೋರಸ್ತೀರೇನು? ಯಾರು ಬರದ್ರು ಇದನ್ನ?”

ಅಧ್ಯಕ್ಷರು ಕ್ಷಣವೂ ತಡೆಯಲಿಲ್ಲ. “ನಮ್ಮ ಉಪಾಧ್ಯೆ ಅವರ, ಮತ್ಯಾರು!”

ಸುಪಾರ್ಶ್ವ ಎದ್ದು ನಿಂತ. ಎಷ್ಟೇ ಹಸಿದಿದ್ದರೂ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಇಲ್ರಿ ತಾಯಿ. ಅದು ನಾ ಬರದದ್ದಲ್ಲ. ಕಂಪ್ಯೂಟರಿನ್ಯಾಗ ಕೆಟ್ಟು ಹಂಗಾಗೇತಿ. ಈರಪ್ಪಣ್ಣ ಅದನ್ನ ನೇಯ್ದಾನ. ನಾ ಬರದದ್ದು ಬೆಳ್ಳಕ್ಕಿ.”

ನಂದಾತಾಯಿ ನಕ್ಕುಬಿಟ್ಟರು. “ಕಲಾವಿದರು ಹಿಂಗ ಮಾತಾಡೂದ್ರಿ. ತಮ್ಮದು ಅನ್ನೂದಿಲ್ಲ.” ಆಮೇಲೆ ಅಧ್ಯಕ್ಷರ ಕಡೆ ತಿರುಗಿದರು. “ಇದಕ್ಕ ಉಪಾಧ್ಯೆ ದಡಿ ಅಂತನ ಹೆಸರಿಡ್ರಿ. ಎಷ್ಟು ನೇಯ್ತೀರಿ ಅಷ್ಟು ನಾ ಒಯ್ತೇನಿ.”

ಈರಪ್ಪ ಬಾಗಿಲಲ್ಲಿ ನೆಟ್ಟಗಾದ. ಕೃಷ್ಣಾಬಾಯಿ, ಪ್ರಿಂಟ್ ತೆಗೆದದ್ದು ಯಾರು ಎಂಬುದನ್ನು ಎಲ್ಲರಿಗೂ ಕೇಳುವಂತೆ ಎರಡು ಸಲ ಹೇಳಿದರು. ಅಧ್ಯಕ್ಷರು ಸುಪಾರ್ಶ್ವನ ಬೆನ್ನು ತಟ್ಟಿದರು. ಅವನ ದಡಿ, ಅವನದೇ ಹೆಸರಿನಲ್ಲಿ, ಮಗ್ಗ ಏರಿತ್ತು. ಸಂತೋಷ ಪಡಬೇಕೆಂದು ಅವನಿಗೆ ಗೊತ್ತಿತ್ತು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ.

ರಾಜಮತಿಯ ಫೋನು ಬಂತು.

“ಏನಾತ್ರಿ? ಒಪ್ಪಿದ್ರೇನು?”

“ಒಪ್ಪಿದ್ರು. ದಡಿಗೆ ನನ್ನ ಹೆಸರ ಇಡತಾರಂತ.”

“ಬೆಳ್ಳಕ್ಕಿ ಎಲ್ಲಾ ಛಂದ ಕಂಡೂ?”

“ಛಂದ ಕಂಡೂ. ಅದಕ್ಕ ಸೀರಿಯಾಗ ಅವಕ್ಕ ಜಾಗಾ ಸಿಗಲಿಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ಅವನಿಗೆ ತ್ರಾಣವಿರಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ಕೈಮಾಡಿ ಕರೆದರು.

“ಉಪಾಧ್ಯೆ ಅವರ, ನಂದಾತಾಯಿ ಇವತ್ತು ತಂಗಿಮನ್ಯಾಗ ವಸ್ತಿ ಇರತಾರ. ನಮ್ಮ ಹಳೇ ದಡಿ ಎಲ್ಲಾ ಇದ ನಮೂನಿ ಮಾಡಿ ನಾಳೆ ಮುಂಜಾನಿ ತೋರಸಬೇಕಂತ. ಎಲ್ಲಾ ಕೆಡಸ್ರಿ. ಹೂವು, ಮಾವು, ಏನೂ ಗುರುತು ಸಿಗಬಾರದು.”

ಸುಪಾರ್ಶ್ವ ಕಂಪ್ಯೂಟರಿನ ಮುಂದೆ ಕೂತ. ಹಿಂಡುವ ಸೆಟ್ಟಿಂಗನ್ನು ತಿರುಗಿ ಚಾಲೂ ಮಾಡಿದ. ಚಿತ್ರಗಳು ಮಂಜು ಕವಿದಂತೆ ಮಬ್ಬಾದವು, ಚೌಕವಾಗಲಿಲ್ಲ. ಅಳತೆ ಬದಲಿಸಿದ. ಹೂವುಗಳು ಉದ್ದವಾದವು, ಚೌಕವಾಗಲಿಲ್ಲ. ಎತ್ತಿ ಅಂಟಿಸಿದ. ಹಾಳು ಹೂವುಗಳು ಮೊದಲಿಗಿಂತ ಚೊಕ್ಕಟವಾಗಿ ಕೂತವು. ಮುಂಜಾನೆಯ ಫೈಲನ್ನು ಕೃಷ್ಣಾಬಾಯಿ ಪ್ರಿಂಟ್ ತೆಗೆದು ಮುಚ್ಚಿದ್ದರು, ಕಚೇರಿಯ ಕಂಪ್ಯೂಟರಿನಲ್ಲಿ ಉಳಿಸಿರಲಿಲ್ಲ; ಪೆನ್‌ಡ್ರೈವಿನಲ್ಲೂ ಅದು ಇರಲಿಲ್ಲ. ಅದರ ಮೇಲೆಯೇ ಅವನು ಹೊಸದನ್ನು ಉಳಿಸಿದ್ದ. ಕೊನೆಗೆ ರಘುವೀರ ಅವರಿಗೆ ಫೋನು ಹಚ್ಚಿದ.

“ಸರ, ಇವು ಕೆಡವಲ್ಲವು.”

“ಛಲೋ ಆತಲ್ರಿ!”

“ಕೆಡಬೇಕಾಗೇತ್ರಿ. ಮುಂಜಾನಿ ಕೆಟ್ಟಿದ್ದುವಲ್ಲ, ಹಂಗ. ಹೆಂಗ ಮಾಡಬೇಕು ಒಂದೀಟು ಹೇಳ್ರಿ.”

ಆ ಕಡೆ ರಘುವೀರ ಅವರು ಕುರ್ಚಿ ಎಳೆದುಕೊಂಡದ್ದು ಕೇಳಿಸಿತು. “ಮುಂಜಾನಿ ನೀವು ಏನು ಮಾಡಿದ್ರಿ?”

“ನಾ ಏನೂ ಮಾಡಿದ್ದಿಲ್ರಿ. ತಾವ ಆಗಿದ್ದು.”

“ಹಂಗಾರ ಈಗೂ ಏನೂ ಮಾಡಬ್ಯಾಡ್ರಿ,” ಎಂದು ರಘುವೀರ ಅವರು ಫೋನು ಇಟ್ಟರು.

ಪಕ್ಕದ ಕೋಣೆಯಲ್ಲಿ ಅಧ್ಯಕ್ಷರು ನಂದಾತಾಯಿಗೆ ಭರವಸೆ ಕೊಡುವುದು ಕೇಳಿಸುತ್ತಿತ್ತು. “ನೀವು ಚಿಂತಿ ಬಿಡ್ರಿ, ತಾಯಿ. ನಮ್ಮ ಉಪಾಧ್ಯೆ ಅವರಿಗೆ ಇದು ಎಡಗೈ ಕೆಲಸ.”

ಸುಪಾರ್ಶ್ವ ಕೀಲಿಮಣೆಯಿಂದ ಕೈ ತೆಗೆದು ಎದೆಯ ಮೇಲೆ ಕಟ್ಟಿಕೊಂಡ. ಕನ್ನಡಕ ಸರಿಮಾಡಿಕೊಂಡ. ಮತ್ತೆ, ಬಹಳ ಶ್ರದ್ಧೆಯಿಂದ, ಏನೂ ಮಾಡದೆ ಕೂರಲು ಶುರುಮಾಡಿದ.